ಚೀಲದಲ್ಲಿ ಉಳಿದ ಚಕ್ಕುಲಿ

ಮಕ್ಕಳನ್ನು ರೈಲು ಹತ್ತಿಸುವ ತಾಯಂದಿರೆಲ್ಲ ಒಂದೇ ಶಾಲೆಯಲ್ಲಿ ಕಲಿತವರಂತೆ ಮಾತಾಡುತ್ತಾರೆ. ಕಿಟಕಿಯಾಚೆ ಕೈ ಹಾಕಬೇಡ, ಚೀಲ ಹತ್ತಿರ ಇಟ್ಟುಕೋ, ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನಬೇಡ. ಮೊದಲ ಎರಡನ್ನು ಮಕ್ಕಳು ರೈಲು ಹೊರಡುವ ಮೊದಲೇ ಮರೆಯುತ್ತಾರೆ. ಮೂರನೆಯದು ಉಳಿಯುತ್ತದೆ. ಭಯ ಬೆರೆತ ಮಾತಿಗೆ ಆಯುಷ್ಯ ಹೆಚ್ಚು.

ಮೈಸೂರಿನ ಆ ಇಬ್ಬರು ಹುಡುಗಿಯರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬಾದಾಮಿಗೆ ಹೊರಟದ್ದು ಈ ಬುತ್ತಿ ಕಟ್ಟಿಕೊಂಡೇ. ಇಬ್ಬರೂ ಬಿ.ಎ. ಕೊನೆಯ ವರ್ಷ, ಒಬ್ಬಳಿಗೆ ಇತಿಹಾಸದ ಹುಚ್ಚು, ಇನ್ನೊಬ್ಬಳಿಗೆ ಕನ್ನಡದ್ದು. ಮನೆಯವರಿಲ್ಲದೆ ಅದೇ ಮೊದಲ ಪ್ರಯಾಣ. ಬೆಂಗಳೂರಿನಲ್ಲಿ ಎದುರಿನ ಸೀಟಿಗೆ ಧಾರವಾಡದ ಕುಟುಂಬವೊಂದು ಬಂತು: ಅಜ್ಜಿ, ಮಗ, ಸೊಸೆ, ಏಳನೆಯ ಇಯತ್ತೆಯ ಮೊಮ್ಮಗ. ಬನಶಂಕರಿ ಅವರ ಮನೆದೇವರು. ದರ್ಶನ ಮುಗಿಸಿಯೇ ಮನೆ ಸೇರಬೇಕೆಂಬುದು ಅಜ್ಜಿಯ ಹರಕೆ. ತುಮಕೂರು ದಾಟುವಷ್ಟರಲ್ಲಿ ಅಜ್ಜಿ ಡಬ್ಬಿ ಬಿಚ್ಚಿದರು. "ತಗೋರಿ ತಂಗಿ, ಮನ್ಯಾಗ ಮಾಡಿದ್ ಚಕ್ಕಲಿ."

ಬೇಡವೆನ್ನಲು ಸಂಕೋಚ, ತಿನ್ನಲು ಭಯ. "ಆಮೇಲೆ ತಿಂತೀವಿ ಅಜ್ಜಿ" ಎಂದು ಕಾಗದದಲ್ಲಿ ಸುತ್ತಿ ಚೀಲಕ್ಕೆ ಸೇರಿಸಿದರು.

ಬೆಳಿಗ್ಗೆ ಬಾದಾಮಿ ನಿಲ್ದಾಣದಲ್ಲಿ ಇಳಿದಾಗ ಅಜ್ಜಿಯ ಮಗ, "ನಾವೊಂದು ಜೀಪ್ ಮಾಡೇವಿ. ಬರ್ರಿ, ಬಾಡಿಗಿ ಹಂಚಿಕೊಳ್ಳೋಣು" ಎಂದರು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಆಮೇಲೆ ಜಾಣ ಕೆಲಸವೊಂದನ್ನು ಮಾಡಿದರು: ಮನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಜೀಪಿನ ನಂಬರಿನ ಫೋಟೋ ಅಪ್ಪನಿಗೆ ಕಳಿಸಿದರು. ಅಮ್ಮ, "ಆ ಅಜ್ಜಿಗೆ ಫೋನ್ ಕೊಡು" ಎಂದರು. ಅಜ್ಜಿ ಎದುರಿನವರು ಮೈಸೂರಿನಲ್ಲಿದ್ದಾರೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಗಟ್ಟಿಯಾಗಿಯೇ ಮಾತಾಡಿದರು. ಹತ್ತು ನಿಮಿಷದಲ್ಲಿ ಎರಡು ಮನೆಗಳ ಮಂಡಿನೋವಿನ ವಿಚಾರವೂ ಮುಗಿಯಿತು. ಅನುಮತಿ ಸಿಕ್ಕಿತು.

ಬಾದಾಮಿಯಿಂದ ಬನಶಂಕರಿ ಐದೇ ಕಿಲೋಮೀಟರು. ಹರಿದ್ರಾತೀರ್ಥದ ದೊಡ್ಡ ಹೊಂಡ, ಸುತ್ತ ಕಲ್ಲಿನ ಮಂಟಪಗಳ ಸಾಲು. ದರ್ಶನ ಮುಗಿಸಿ ಹೊರಬಂದರೆ ಬುಟ್ಟಿ ಹೊತ್ತ ಹೆಂಗಸರು ಮುತ್ತಿಕೊಂಡರು. ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಡಿಗೆಯ ಗಟ್ಟಿ ಮೊಸರು. ನೆರಳಲ್ಲಿ ಕೂತವರ ಕೈಗೇ ಊಟ. ರೈಲಿನಲ್ಲಿ ಚಕ್ಕುಲಿಗೆ ಹೆದರಿದವರು ಇಲ್ಲಿ ಹೆಸರೂ ಗೊತ್ತಿಲ್ಲದ ಹೆಂಗಸಿನ ಕೈಯ ರೊಟ್ಟಿ ಮೂರು ಮೂರು ತಿಂದರು. ದುಡ್ಡು ಕೊಟ್ಟರೆ ಅನುಮಾನ ಇಳಿಯುತ್ತದೆಯೋ ಏನೋ! ಖಾರಕ್ಕೆ ಕಣ್ಣೀರು ಸುರಿಸುತ್ತಿದ್ದವರನ್ನು ನೋಡಿ ಹುಡುಗ, "ಮೈಸೂರಾಗ ಮೆಣಸಿನಕಾಯಿ ಇಲ್ಲೇನ್ರೀ ಅಕ್ಕಾ?" ಎಂದ.

ಪಟ್ಟದಕಲ್ಲಿನಲ್ಲಿ ಇತಿಹಾಸದವಳ ಸರದಿ. ಉತ್ತರದ ನಾಗರ ಶೈಲಿಯ ಶಿಖರ, ದಕ್ಷಿಣದ ದ್ರಾವಿಡ ಶೈಲಿಯ ವಿಮಾನ ಒಂದೇ ಅಂಗಳದಲ್ಲಿ ನಿಂತ ಊರು ಅದು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಹುಡುಗಿ ಹೇಳಿದ್ದನ್ನೆಲ್ಲ ಕೇಳಿದ ಅಜ್ಜಿ, "ಗಂಡ ಒಬ್ಬನ ನಡೀತಾನ, ಗುಡಿ ಮಾತ್ರ ಬ್ಯಾರೆ ಬೇಕು" ಎಂದರು. ಸೊಸೆ ಬಿದ್ದು ಬಿದ್ದು ನಕ್ಕರು.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಬಾದಾಮಿಯ ಗುಹೆಗಳು. ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಹುಡುಗ ಎಣಿಸಿದರೆ ಹದಿನೇಳೇ ಬರುತ್ತಿತ್ತು. ಎಲ್ಲರೂ ಎಣಿಸಿದರು, ಅವನು ಒಪ್ಪಲಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನ ಅಲ್ಲಿದೆ. ಅದರತ್ತ ಮೆಟ್ಟಿಲು ಹತ್ತುತ್ತಿರುವಾಗ ಕೋತಿಯೊಂದು ಹಾರಿ ಬಂದು ಹುಡುಗಿಯ ಚೀಲಕ್ಕೆ ಕೈಹಾಕಿ ಕಾಗದದ ಪೊಟ್ಟಣ ಎಳೆಯಿತು. ಎಲ್ಲರ ಕಣ್ಣೆದುರು ಅಜ್ಜಿಯ ಚಕ್ಕುಲಿಗಳು ಉರುಳಿದವು. ಒಂದೂ ಮುರಿದಿರಲಿಲ್ಲ!

ಹುಡುಗಿಯರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಅಜ್ಜಿ, ತಪ್ಪು ತಿಳ್ಕೋಬೇಡಿ... ಅಮ್ಮ ಹೇಳಿದ್ರು..."

ಅಜ್ಜಿ ಮೆಟ್ಟಿಲ ಮೇಲೆ ಕೂತು ಉಸಿರು ತಿರುಗುವವರೆಗೆ ನಕ್ಕರು. "ಚಲೋ ಹೇಳ್ಯಾಳ ನಿಮ್ಮವ್ವ. ನನ್ನ ಮಗಾನೂ ಹೇಳಿದ್ದ, ಗುರ್ತಿಲ್ಲದವರ ಜೋಡಿ ಮಾತಾಡಬ್ಯಾಡಾ ಅಂತ. ನಿಮ್ಮಿಬ್ಬರನ್ನ ನೋಡಿ ರಾತ್ರೆಲ್ಲಾ ರೊಕ್ಕದ ಚೀಲಾ ತಲಿಬುಡಕ ಇಟ್ಕೊಂಡ್ ಮಲಗೀನಿ!" ಮಗ ಗುಡ್ಡದ ಕಡೆ ನೋಡುತ್ತ ನಿಂತರು. ಹುಡುಗಿಯರು ಅಷ್ಟು ಹೊತ್ತು ಅಪರಿಚಿತರೆಂದರೆ ಎದುರಿನ ಸೀಟಿನವರು ಎಂದಷ್ಟೇ ತಿಳಿದಿದ್ದರು.

ಸಂಜೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಕೂತಾಗ ಕನ್ನಡದವಳು ಕೆರೆಯಾಚೆಯ ಬಂಡೆಯತ್ತ ಕೈ ತೋರಿಸಿದಳು. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ ಆ ಕಡೆಯ ಬಂಡೆಯಲ್ಲಿದೆ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ತ್ರಿಪದಿಗಳು ಅದರಲ್ಲಿವೆ. ಒಳ್ಳೆಯವರಿಗೆ ಆತ ಒಳ್ಳೆಯವನು, ಕೆಡುಕು ಮಾಡಿದವರಿಗೆ ಉಗ್ರ ಎಂದು ಅದರ ಹೊಗಳಿಕೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲ ತಂಗಿ, ಯಾರು ಒಳ್ಳೇವ್ರು, ಯಾರು ಕೆಟ್ಟವ್ರು ಅಂತ ಅವಗ ಮದಲ ಹೆಂಗ ಗೊತ್ತಾಗ್ತಿತ್ತು?"

ಅದಕ್ಕೆ ಇತಿಹಾಸದವಳ ಬಳಿಯೂ ಉತ್ತರವಿರಲಿಲ್ಲ.

ಧಾರವಾಡದವರು ಬಸ್ಸು ಹತ್ತುವಾಗ ಅಜ್ಜಿ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಹುಡುಗಿಯರ ಚೀಲಕ್ಕೆ ಸುರಿದರು. ಬಸ್ಸು ತಿರುವು ದಾಟುವ ಮೊದಲೇ ಅರ್ಧ ಖಾಲಿಯಾಗಿತ್ತು. ನಾಲ್ಕು ದಿನ ಬಿಟ್ಟು ಮೈಸೂರಿಗೊಂದು ಸಂದೇಶ ಬಂತು: "ಅಕ್ಕಾ, ಫೋಟೋದಾಗ ಎಣಿಸಿದೆ. ಹದಿನೆಂಟ ಅದಾವ."