ನೋವಿಗೂ ಒಂದು ತಾಯ್ನುಡಿ

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಿಗೆ ಈಗ ದೂರದ ಅಸ್ಸಾಮಿನಿಂದಲೂ ಕೂಲಿಯಾಳುಗಳು ಬರುತ್ತಾರೆ. ಎರಡು ಮೂರು ದಿನದ ರೈಲು ಪ್ರಯಾಣ, ಕೊನೆಗೊಂದು ಲೈನ್ ಮನೆ. ಹಣ್ಣು ಕೊಯ್ಯುವಾಗ ಮೇಸ್ತ್ರಿಯ ಜೊತೆ ಹತ್ತಿಪ್ಪತ್ತು ಹಿಂದಿ ಮಾತು ಸಾಕು. ಆದರೆ ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದು, ಹೊರಡಲು ಕಾಸಿಲ್ಲದೆ ಕುಳಿತ ಹೆಣ್ಣುಮಗಳು ಯಾರ ಬಳಿ ಏನೆಂದು ಹೇಳಿಯಾಳು? ಆಷಾಢದ ಜಡಿಮಳೆ ಬೇರೆ. ಊಟ ಸೇರದು, ನಿದ್ದೆ ಬಾರದು. ತಲೆನೋವೆಂದು ಮಾತ್ರೆ ನುಂಗುತ್ತಾಳೆ.

ಡಾಕ್ಟರ ಬಳಿ ಹೋದರೆ, ಶಾಲೆಯಲ್ಲಿ ಕನ್ನಡ ಕಲಿತ ಮಗಳೇ ದುಭಾಷಿ. ಜ್ವರ, ಕೆಮ್ಮಾದರೆ ಸರಿ. 'ಬದುಕೇ ಬೇಡವೆನಿಸಿದೆ' ಎಂಬುದನ್ನು ಹತ್ತು ವರ್ಷದ ಮಗುವಿನ ಬಾಯಿಂದ ಹೇಳಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಆ ಮಾತು ಗಂಟಲಲ್ಲೇ ಉಳಿಯುತ್ತದೆ. ಮಗುವಿನ ಮೇಲೆ ಆ ಭಾರ ಹೊರಿಸುವುದೂ ತರವಲ್ಲ.

ಇದಕ್ಕೊಂದು ದಾರಿಯಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಸಹಾಯವಾಣಿ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಫೋನ್ ಮಾಡಿದರೆ ಹಗಲಿರುಳೂ ಉಚಿತವಾಗಿ ಆಪ್ತಸಲಹೆ ದೊರೆಯುತ್ತದೆ. ಕನ್ನಡವಷ್ಟೇ ಅಲ್ಲ, ಅಸ್ಸಾಮಿ, ಬಂಗಾಳಿ, ಹಿಂದಿ ಸೇರಿದಂತೆ 20 ಭಾಷೆಗಳಲ್ಲಿ ಈ ಸೇವೆ ಇದೆ. ತನ್ನ ನುಡಿ ಬಲ್ಲವರೊಡನೆ ಮಾತಾಡಿದಾಗ ಅರ್ಧ ಭಾರ ಇಳಿದೀತು. ಅಗತ್ಯವಿದ್ದರೆ ಮುಂದಿನ ಚಿಕಿತ್ಸೆಯ ದಾರಿಯನ್ನೂ ಅವರು ತೋರಿಸುತ್ತಾರೆ.

ಆದರೆ ಈ ಸಂಖ್ಯೆ ಲೈನ್ ಮನೆಗೆ ತಲುಪಬೇಕಲ್ಲ? ವಿದ್ಯಾರ್ಥಿಗಳು ಪಕ್ಕದ ಬೆಂಚಿನ ಅಸ್ಸಾಮಿ ಗೆಳತಿಯ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಡಬಹುದು. ತೋಟವಿರುವ ತಂದೆತಾಯಿಗಳು ಫೋನ್ ಸಿಗ್ನಲ್ ಸಿಗುವ ಒಂದು ಜಾಗ, ಯಾರೂ ಕಿವಿಗೊಡದ ಅರ್ಧ ಗಂಟೆ ಬಿಡುವು ಒದಗಿಸಬಹುದು.