ಹೋದ ನಿಲ್ದಾಣದಿಂದಲೇ ಮರಳಬೇಕಿಲ್ಲ

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ, ಹುಬ್ಬಳ್ಳಿಯಿಂದ ಬೆಳಗಾವಿಗೆ ಬಸ್ಸು, ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಮತ್ತೆ ಬೆಂಗಳೂರಿಗೆ ವಿಮಾನ. ನನ್ನ ಈ ಪ್ರವಾಸದ ದಾರಿ ಇಷ್ಟೇ. ಕಡಿಮೆ ಖರ್ಚಿನಲ್ಲಿ ಹೆಚ್ಚು ವಿಮಾನ ನಿಲ್ದಾಣಗಳನ್ನು ನೋಡಬೇಕೆನ್ನುವವರು ಒಂದರ ಹಿಂದೊಂದು ಹಾರಾಟವನ್ನು ಪೋಣಿಸಲು ಹೊರಡುತ್ತಾರೆ. ಅದು ತಪ್ಪು ಲೆಕ್ಕ ಎಂಬುದು ನನ್ನ ವಾದ. ಹಾರಾಟ ಹೆಚ್ಚಿಸುವ ಬದಲು, ಹೇಗೂ ಕೊಳ್ಳುವ ಹೋಗಿಬರುವ ಟಿಕೆಟನ್ನು ಎರಡು ಊರಿಗೆ ಹಂಚಿಕೊಂಡರೆ ಸಾಕು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ದರ. ಒಂದೇ ಕಡೆಯ ಟಿಕೆಟ್ ಕೊಂಡರೆ ನಷ್ಟವೇನಿಲ್ಲ. ನಡುವೆ ಮೂರನೆಯ ಹಾರಾಟ ಸೇರಿಸಿದರೆ ಮಾತ್ರ ಜೇಬಿಗೆ ಬೀಳುವ ಹೊರೆ ದೊಡ್ಡದು. ವಿಮಾನ ಮೇಲೇರುವಾಗಲೇ ಇಂಧನ ಹೆಚ್ಚು ಸುಡುವುದರಿಂದ ಹಾರಾಟ ಚಿಕ್ಕದಾದಷ್ಟೂ ಕಿಲೋಮೀಟರಿನ ಲೆಕ್ಕದಲ್ಲಿ ದುಬಾರಿ. ನಿಲ್ದಾಣದ ಶುಲ್ಕ, ಭದ್ರತಾ ಶುಲ್ಕಗಳಂತೂ ದೂರ ಕಡಿಮೆಯೆಂದು ಇಳಿಯುವುದಿಲ್ಲ.

ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಒದಗಿಸುವ ಉಡಾನ್ ಯೋಜನೆ ಇದೆಯಲ್ಲ, ಸಣ್ಣ ಹಾರಾಟವೂ ಅಗ್ಗವಲ್ಲವೇ ಎಂದು ಕೇಳಬಹುದು. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಹಾರಾಟದಿಂದ ಶುರುವಾದ ಈ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಯ ಮಿತಿ ಇಟ್ಟದ್ದು ನಿಜ. ಆದರೆ ಆ ಮಿತಿ ಸ್ಥೂಲವಾಗಿ ಅರ್ಧದಷ್ಟು ಸೀಟುಗಳಿಗೆ ಮಾತ್ರ, ಕಂಪನಿಗೆ ಸರ್ಕಾರದ ನೆರವೂ ಮೂರು ವರ್ಷಕ್ಕೆ ಮಾತ್ರ. ನೆರವು ಮುಗಿದ ಮೇಲೆ ಮಾರ್ಗವೇ ಉಳಿಯುತ್ತದೆಂಬ ಖಾತ್ರಿಯಿಲ್ಲ. 2020ರಲ್ಲಿ ವಿಮಾನ ಕಂಡ ಬೀದರ್‌ನಲ್ಲಿ ಹಾರಾಟ ನಿಂತು, ಮತ್ತೆ ಶುರುವಾಗಿದ್ದುಂಟು. ಹಾಗಾಗಿ ಅಗ್ಗದ ದರ ಹುಡುಕುವ ಮೊದಲು ನಾನು ನೋಡುವುದು ಯಾವ ಊರಿಗೆ ವಿಮಾನ ವಿರಳ ಎಂಬುದನ್ನು. ಆ ಹಾರಾಟದ ದಿನ ಗೊತ್ತಾದ ಮೇಲೆ ಉಳಿದದ್ದನ್ನು ಅದರ ಸುತ್ತ ಹೆಣೆಯಬೇಕು.

ಬಸ್ಸಿನ ಹಾದಿಯನ್ನು ಪ್ರವಾಸದ ಕೊರತೆಯೆಂದು ಎಣಿಸುವವರ ಮಾತನ್ನು ನಾನು ಒಪ್ಪಲಾರೆ. ಹುಬ್ಬಳ್ಳಿಯ ನಿಲ್ದಾಣ ಗೋಕುಲ ರಸ್ತೆಯಲ್ಲಿ, ಊರಿಗೆ ಅಂಟಿಕೊಂಡೇ ಇದೆ. ಇಳಿದು ಬಸ್ ಹಿಡಿಯುವುದು ದೊಡ್ಡ ಮಾತಲ್ಲ. ಅಲ್ಲಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್. ಧಾರವಾಡ, ತೇಗೂರು ದಾಟಿ, ಕಿತ್ತೂರನ್ನು ಹಾದು, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯನ್ನು ದಾಟುವ ಹೆದ್ದಾರಿ ಅದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಅವರಿಗೆ ಈ ಎರಡು ನಿಲ್ದಾಣಗಳ ನಡುವಿನ ದಾರಿ ಉಚಿತವೆಂದೇ ಹೇಳಬೇಕು. ಕಿತ್ತೂರಿನ ಕೋಟೆಯ ಬಳಿ ಒಂದು ಹೊತ್ತು ಇಳಿದರೂ ಖರ್ಚು ಹೆಚ್ಚುವುದಿಲ್ಲ.

ಬೇರೆ ಬೇರೆ ಟಿಕೆಟ್ ಕೊಂಡರೆ ಮೊದಲ ವಿಮಾನ ತಡವಾದಾಗ ಎರಡನೆಯದು ತಪ್ಪುತ್ತದೆ, ಕಂಪನಿ ಹೊಣೆ ಹೊರುವುದಿಲ್ಲ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ವಿಮಾನಕ್ಕೆ ವಿಮಾನ ಪೋಣಿಸುವವರನ್ನು ಕಾಡುವುದೂ ಇದೇ ಭಯ. ನಡುವೆ ಬಸ್ಸಿನ ದಾರಿಯೂ ಒಂದು ರಾತ್ರಿಯ ವಾಸ್ತವ್ಯವೂ ಇದ್ದರೆ ಮೂರು ಗಂಟೆ ತಡವಾದರೂ ಏನೂ ಕೆಡುವುದಿಲ್ಲ. ಲಾಡ್ಜಿನ ಬಾಡಿಗೆ ಸೇರುತ್ತದೆ, ಒಪ್ಪುತ್ತೇನೆ. ಕೈತಪ್ಪಿದ ವಿಮಾನಕ್ಕೆ ಕೊನೆಯ ಗಳಿಗೆಯಲ್ಲಿ ಕೊಳ್ಳುವ ಟಿಕೆಟ್‌ಗಿಂತ ಅದು ಸಾಮಾನ್ಯವಾಗಿ ಕಡಿಮೆಯೇ. ಹೊಗೆಯ ಲೆಕ್ಕ ಕೇಳುವವರಿಗೂ ಉತ್ತರವಿದೆ: ಹುಬ್ಬಳ್ಳಿಗೆ ಹೋಗಿ ಬರುವವನೂ ಎರಡು ಸಲವೇ ಹಾರುತ್ತಾನೆ.

ಎರಡು ನಿಲ್ದಾಣ ನೋಡಿದಂತಾಯಿತೇ ಎಂದರೆ, ಆಯಿತು, ಮತ್ತು ಎರಡು ಬಗೆಯಲ್ಲಿ. ಹುಬ್ಬಳ್ಳಿಗೆ ಎಟಿಆರ್ ಎಂಬ ಸಣ್ಣ ವಿಮಾನ ಸಿಕ್ಕಿದರೆ ರೆಕ್ಕೆಯ ಕೆಳಗಿನ ಸೀಟನ್ನೇ ಆರಿಸಬೇಕು. ರೆಕ್ಕೆ ತಲೆಯ ಮೇಲಿರುವುದರಿಂದ, ಚಕ್ರ ವಿಮಾನದ ಒಡಲಿನಿಂದಲೇ ಹೊರಚಾಚಿ ನೆಲಕ್ಕೆ ತಾಗುವುದನ್ನು ಕಿಟಕಿಯಿಂದ ನೋಡಬಹುದು. ಇಳಿದವರಿಗೆ ಟರ್ಮಿನಲ್ ಬೇಗ ಮುಗಿದುಹೋಗುತ್ತದೆ, ಹೊರಡುವವರಿಗೆ ಅಲ್ಲಿ ಕೂರುವ ಹೊತ್ತು ಸಿಗುತ್ತದೆ. ಅದಕ್ಕೇ ನಾನು ಹೊರಡಲು ಸಾಂಬ್ರಾವನ್ನು ಇಟ್ಟುಕೊಂಡೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ ನೆಲೆ ಅದು. ವಾಯುಪಡೆಯ ತರಬೇತಿ ಶಾಲೆ ಈಗಲೂ ಅಲ್ಲಿದೆ. ಪಕ್ಕದಲ್ಲೇ 2017ರ ಹೊಸ ಟರ್ಮಿನಲ್, ಒಳಗೆ ಬೆಂಗಳೂರಿನ ವಿಮಾನಕ್ಕೆ ಕಾಯುವ ಸಾಲು.