ಆಡಿನ ಹಾಲು ಕೊಟ್ಟವರು

ಓಟದ ಸ್ಪರ್ಧೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಶಾಲಾ ಮೈದಾನದ ಸುಣ್ಣದ ಗೆರೆ ಮತ್ತು ಪಿ.ಟಿ. ಮೇಷ್ಟ್ರ ಶಿಳ್ಳೆ. ಆದರೆ ವಾರದ ಆಹಾರ, ಮಲಗುವ ಚೀಲ, ದಿಕ್ಸೂಚಿ, ವಿಷ ಹೀರುವ ಪುಟ್ಟ ಪಂಪು ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು, ಸಹಾರಾ ಮರುಭೂಮಿಯಲ್ಲಿ ಸುಮಾರು 250 ಕಿಲೋಮೀಟರ್ ಓಡುವವರಿದ್ದಾರೆ ಎಂದರೆ ನಂಬುತ್ತೀರಾ?

ಮೊರೊಕ್ಕೊದಲ್ಲಿ ನಡೆಯುವ ಈ ಓಟಕ್ಕೆ ಫ್ರೆಂಚ್ ಭಾಷೆಯಲ್ಲಿ 'ಮರಳಿನ ಮ್ಯಾರಥಾನ್' ಎಂಬರ್ಥದ ಹೆಸರಿದೆ. ಪ್ಯಾಟ್ರಿಕ್ ಬಾವರ್ ಎಂಬ ಫ್ರೆಂಚ್ ವ್ಯಕ್ತಿ 1984ರಲ್ಲಿ ಒಬ್ಬಂಟಿಯಾಗಿ ಸಹಾರಾದಲ್ಲಿ 350 ಕಿಲೋಮೀಟರ್ ನಡೆದು, ಆ ಅನುಭವದಿಂದ 1986ರಲ್ಲಿ ಇದನ್ನು ಆರಂಭಿಸಿದರು. ಮೊದಲ ಬಾರಿ ಓಡಿದವರು ಕೇವಲ 23 ಮಂದಿ. ಸಂಘಟಕರು ಕೊಡುವುದು ನೀರು ಮತ್ತು ರಾತ್ರಿ ತಲೆಯ ಮೇಲೊಂದು ಗುಡಾರ, ಅಷ್ಟೇ. ಚೀಲದ ತೂಕ ಆರೂವರೆ ಕಿಲೋಗಿಂತ ಕಡಿಮೆ ಇರುವಂತಿಲ್ಲ. (ಇದನ್ನು ಕೇಳಿದ ನನ್ನ ತರಗತಿಯ ಹುಡುಗಿಯೊಬ್ಬಳು, "ಟೀಚರ್, ನಮ್ಮ ಚೀಲ ಇದಕ್ಕಿಂತ ಭಾರ ಇದೆ" ಎಂದಳು. ಸುಳ್ಳಲ್ಲ!) ಝಗೋರಾ ಕಡೆಯ ಅಲೆಮಾರಿ ಕುಟುಂಬದಿಂದ ಬಂದ ಲಹ್ಸನ್ ಅಹನ್ಸಲ್ ಇದನ್ನು 10 ಬಾರಿ ಗೆದ್ದರು, ಅವರ ತಮ್ಮ ಮುಹಮ್ಮದ್ 5 ಬಾರಿ. ಮಹಿಳೆಯರಿಗೂ ದೂರ ಅಷ್ಟೇ, ಚೀಲವೂ ಅದೇ. 2021ರಲ್ಲಿ ಕೊರೋನಾದಿಂದಾಗಿ ಓಟವು ಅಕ್ಟೋಬರಿಗೆ ಹೋಯಿತು. ಭಯಂಕರ ಸೆಕೆಯಲ್ಲಿ ಒಬ್ಬ ಓಟಗಾರ ಮೃತಪಟ್ಟರು, ಸುಮಾರು ಅರ್ಧದಷ್ಟು ಮಂದಿ ಅರ್ಧಕ್ಕೇ ಬಿಟ್ಟರು. ಆ ವರ್ಷ ಮಹಿಳೆಯರಲ್ಲಿ ಮೊದಲು ಗುರಿ ಮುಟ್ಟಿದವರು ಮೊರೊಕ್ಕೊದವರೇ ಆದ ಅಝೀಝಾ ಅಲ್ ಅಮ್ರಾನಿ.

ಆದರೆ ನಾನು ನಿಮಗೆ ಹೇಳಹೊರಟಿದ್ದು ಗೆದ್ದವರ ವಿಷಯವಲ್ಲ, ದಾರಿ ತಪ್ಪಿದವನ ವಿಷಯ.

1994ರಲ್ಲಿ ಇಟಲಿಯ ಪೊಲೀಸ್ ಅಧಿಕಾರಿ ಮೌರೊ ಪ್ರೊಸ್ಪೆರಿ ಈ ಓಟದಲ್ಲಿದ್ದರು. ಮರಳಿನ ಬಿರುಗಾಳಿ ಎದ್ದು ಎಂಟು ಗಂಟೆಗಳ ಕಾಲ ಬೀಸಿತು. ಅದು ನಿಂತಾಗ ದಾರಿಯೂ ಇಲ್ಲ, ಜೊತೆಗಾರರೂ ಇಲ್ಲ. ನೀರು ಬಹುತೇಕ ಮುಗಿದಿತ್ತು. ಸಂತರೊಬ್ಬರ ಗೋರಿಯಿದ್ದ ಪುಟ್ಟ ಕಟ್ಟಡದೊಳಗೆ ಆಶ್ರಯ ಪಡೆದು, ಅಲ್ಲಿನ ಬಾವಲಿಗಳನ್ನು ಹಿಡಿದು ತಿಂದರು. ಹಾರಿ ಹೋದ ವಿಮಾನ ಇವರನ್ನು ಕಾಣಲಿಲ್ಲ. ಇನ್ನು ಬದುಕುವುದಿಲ್ಲ ಎಂದು ತಿಳಿದು ಇದ್ದಿಲಿನಿಂದ ಹೆಂಡತಿಗೆ ಓಲೆ ಬರೆದರು. ಆಮೇಲೆ ನೆನಪಾದದ್ದು ಮರುಭೂಮಿಯ ಜನ ಓಟಕ್ಕೆ ಮುಂಚೆ ಹೇಳಿದ್ದ ಮಾತು: ದಾರಿ ತಪ್ಪಿದರೆ ಬೆಳಗ್ಗೆ ದಿಗಂತದಲ್ಲಿ ಮೋಡ ಕಾಣುವ ಕಡೆಗೆ ನಡೆ. ನಡೆದರು. ಒಂಬತ್ತು ದಿನಗಳಾಗುವಾಗ ಗಡಿ ದಾಟಿ ಅಲ್ಜೀರಿಯ ಸೇರಿದ್ದರು. ದೇಹದ ತೂಕ 15 ಕಿಲೋಗೂ ಹೆಚ್ಚು ಇಳಿದಿತ್ತು. ಇಷ್ಟು ದಿನ ಹೀಗೆ ಬದುಕಲು ಸಾಧ್ಯವೇ ಎಂದು ಸಂಶಯಿಸಿದವರೂ ಇದ್ದಾರೆ.

ಅವರನ್ನು ಮೊದಲು ಕಂಡದ್ದು ಆಡು ಮೇಯಿಸುತ್ತಿದ್ದ ಒಬ್ಬ ಪುಟ್ಟ ಹುಡುಗಿ. ಹೆದರಿ ಗುಡಾರಕ್ಕೆ ಓಡಿದಳು. ಗಂಡಸರೆಲ್ಲ ಸಂತೆಗೆ ಹೋಗಿದ್ದರು. ಹೆಂಗಸರು ಏನು ಮಾಡಿದರು ಗೊತ್ತೇ? ಪರಪುರುಷನಾದ್ದರಿಂದ ಗುಡಾರದೊಳಗೆ ಬಿಡಲಿಲ್ಲ. ಹೊರಗೆ ನೆರಳಿನಲ್ಲಿ ಜಮಖಾನೆ ಹಾಸಿ ಮಲಗಿಸಿ, ಆಡಿನ ಹಾಲು ಕುಡಿಸಿ, ಪೊಲೀಸರಿಗೆ ಹೇಳಿ ಕಳುಹಿಸಿದರು.

ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯರ ಮೊದಲ ಪ್ರಶ್ನೆ, "ಬಾವಲಿ ಹರಾಮ್ ಅಲ್ವಾ ಟೀಚರ್?" ಅವರು ಮುಸ್ಲಿಮರಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೂ ಪ್ರಾಣಾಪಾಯದ ನಿರ್ಬಂಧವಿರುವಾಗ ಜೀವ ಉಳಿಯುವಷ್ಟು ತಿನ್ನಲು ಶರೀಅತ್ ಅನುಮತಿಸುವುದನ್ನು ವಿವರಿಸಿದೆ. ಮದ್ರಸದಲ್ಲಿ ನಾನು ಬಾಯಿಪಾಠ ಮಾಡಿದ್ದ ಆ ನಿಯಮ ಇವರಿಗೆ ಒಂದು ಕತೆಯಿಂದ ಅರ್ಥವಾಯಿತು.

ಎರಡನೆಯ ಪ್ರಶ್ನೆ ಕಷ್ಟದ್ದು. ಎಂಟನೆಯ ತರಗತಿಯ ಚುರುಕಿನ ಹುಡುಗಿ ಕೇಳಿದಳು: "ಸಫಾ ಮರ್ವಾ ನಡುವೆ ಓಡಿದ್ದು ಹಾಜಿರಾ ಬೀವಿ(ಅ). ಹಜ್ಜ್‌ನಲ್ಲಿ ಓಡುವುದು ಮಾತ್ರ ಗಂಡಸರು. ಯಾಕೆ?" ಹಸಿರು ದೀಪಗಳ ನಡುವೆ ಗಂಡಸರು ಓಡಬೇಕು, ಹೆಂಗಸರು ನಡೆದರೆ ಸಾಕು, ಆ ಜನಸಂದಣಿಯಲ್ಲಿ ಅವರ ಮರೆಗೆ ಧಕ್ಕೆ ಬರಬಾರದು ಎಂದು ವಿದ್ವಾಂಸರು ಹೇಳಿದ್ದನ್ನೇ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಲೋಕದ ಗಂಡಸರೆಲ್ಲ ಒಬ್ಬ ಉಮ್ಮನ ಹಾಗೆ ಓಡುವುದು" ಎಂದಳು. ನಾನು ಹಾಗೆ ಯೋಚಿಸಿರಲಿಲ್ಲ.

ಆ ಹುಡುಗಿಯ ತಾಯಿಯೇ ಮರುವಾರ ಶಾಲೆಗೆ ಬಂದರು. "ಟೀಚರೇ, ಇವಳಿಗೆ ಇನ್ನು ಓಟ ಬೇಡ. ದೊಡ್ಡವಳಾದಳಲ್ಲ. ಊರವರು ಏನು ಹೇಳಲಿಕ್ಕಿಲ್ಲ?" ಎಂದರು. ನಾನು ಅವರನ್ನು ದೂರುವುದಿಲ್ಲ. ಎಲ್ಲಿ ಓಡುತ್ತಾಳೆ, ಏನು ಉಟ್ಟು ಓಡುತ್ತಾಳೆ, ಯಾರು ನೋಡುತ್ತಾರೆ ಎಂದು ತಾಯಿ ಕೇಳಲೇಬೇಕು. ಆದರೆ ಓಟವೇ ಬೇಡ ಎನ್ನಲು ದೀನ್‌ನಲ್ಲಿ ನಮಗೇನು ಆಧಾರ? ಪ್ರಯಾಣವೊಂದರಲ್ಲಿ ಪ್ರವಾದಿ(ಸ) ಜೊತೆಗಾರರನ್ನು ಮುಂದೆ ಕಳುಹಿಸಿ ಹ. ಆಯಿಶಾ(ರ)ರೊಂದಿಗೆ ಪಂದ್ಯ ಕಟ್ಟಿ ಓಡಿದ್ದು, ಆಯಿಶಾ(ರ) ಗೆದ್ದದ್ದು, ವರ್ಷಗಳ ನಂತರ ಅವರ ಮೈ ತುಂಬಿಕೊಂಡಾಗ ಪ್ರವಾದಿ(ಸ) ಗೆದ್ದು ಅಂದಿನದಕ್ಕೆ ಇದು ಸರಿಯಾಯಿತು ಎಂದು ನಗೆಯಾಡಿದ್ದು ಹದೀಸ್‌ನಲ್ಲಿದೆ. ಅವರಿಗೆ ಅದನ್ನು ಹೇಳಿದೆ. ಆ ಗುಡಾರದ ಹೆಂಗಸರ ಕತೆಯನ್ನೂ ಹೇಳಿದೆ. ಅವರು ಪರದೆಯನ್ನೂ ಬಿಡಲಿಲ್ಲ, ಸಾಯುತ್ತಿದ್ದ ಮನುಷ್ಯನನ್ನೂ ಬಿಡಲಿಲ್ಲ. ಎರಡಕ್ಕೂ ಜಾಗ ಹುಡುಕಿದರು.

ನಾವೂ ಹುಡುಕಿದೆವು. ಶಾಲೆ ತೆರೆಯುವ ಮುಂಚೆ, ಹುಡುಗಿಯರು ಮಾತ್ರ, ಉದ್ದ ತೋಳಿನ ಸಡಿಲ ಅಂಗಿ, ಪ್ಯಾಂಟು, ತಲೆಗೆ ಬಿಗಿದ ಸ್ಕಾರ್ಫ್. ತಾಯಿ ಜೊತೆಗೇ ಬರುತ್ತಾರೆ. ತಾಲೂಕು ಕ್ರೀಡಾಕೂಟಕ್ಕೆ ಮಾತ್ರ ಕಳುಹಿಸಲಿಲ್ಲ. ಮೈದಾನದ ಸುತ್ತ ಗಂಡಸರಿರುತ್ತಾರೆ ಎಂದರು. ಅದು ಅವರ ತೀರ್ಮಾನ, ನನಗೆ ಬೇಸರವಾದದ್ದೂ ನಿಜ.

ಹುಡುಗಿ ತನ್ನದೇ ಲೆಕ್ಕ ಹಾಕಿಕೊಂಡಿದ್ದಾಳೆ. ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್, ಏಳು ಸಲಕ್ಕೆ 3 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ನಮ್ಮ ಮೈದಾನದ ಒಂದು ಸುತ್ತು 200 ಮೀಟರ್. ಆದ್ದರಿಂದ ದಿನಕ್ಕೆ ಹದಿನಾರು ಸುತ್ತು. ಹದಿನೈದನೆಯದು ಮುಗಿಯುವ ಹೊತ್ತಿಗೆ ಅವಳ ಉಮ್ಮ ನೀರಿನ ಬಾಟಲಿ ಹಿಡಿದು ಮಾವಿನ ಮರದ ಬುಡದಿಂದ ಎದ್ದು ನಿಲ್ಲುತ್ತಾರೆ.